ಕೋರ್ಸ್ ಪದವಿಯೋ, ಸಂಶೋಧನಾ ಪದವಿಯೋ? ಮೆಕ್ಯಾನಿಕಲ್ ಪದವೀಧರರ ಮುಂದಿನ ಹೆಜ್ಜೆ

ಮೆಕ್ಯಾನಿಕಲ್ ಇಂಜಿನಿಯರಿಂಗಿನಲ್ಲಿ ಬಿ.ಇ. ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ 'ಮುಂದೇನು?' ಎಂಬ ಪ್ರಶ್ನೆ ಊಟದ ಹೊತ್ತಿನಲ್ಲೂ ಬಿಡದೆ ಕಾಡುತ್ತದೆ. ನನ್ನ ಪರಿಚಯದ ಹಿರಿಯರೊಬ್ಬರು ಕೆಲವು ತಿಂಗಳ ಹಿಂದೆ ಕಾಗದಗಳ ಕಟ್ಟೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಗನಿಗೆ ಅಮೆರಿಕೆಯ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಪ್ರವೇಶ ದೊರೆತಿತ್ತು. ಬ್ಯಾಂಕಿನವರು ಸಾಲದ ಆಧಾರಕ್ಕಾಗಿ ಅಡಕೆ ತೋಟದ ಆರ್.ಟಿ.ಸಿ. ಕೇಳಿದ್ದರು. ಪ್ರವೇಶ ಪತ್ರದ ಒಂದು ಸಾಲಿನಲ್ಲಿ 'ನಾನ್-ಥೀಸಿಸ್' ಎಂದಿತ್ತು. "ಮಾಸ್ಟ್ರೇ, ಇದೇನು? ಇದು ಕಡಿಮೆ ದರ್ಜೆಯ ಪದವಿಯೇ?" ಎಂದು ಅವರು ಕೇಳಿದರು.

ಅಲ್ಲ ಎಂದೇ ಹೇಳಬೇಕು. ಸ್ನಾತಕೋತ್ತರ ಪದವಿಗೆ ಎರಡು ದಾರಿಗಳಿವೆ. ಒಂದರಲ್ಲಿ ವಿದ್ಯಾರ್ಥಿಯು ಕೆಲವೇ ವಿಷಯಗಳನ್ನು ಅಭ್ಯಸಿಸಿ, ಮಾರ್ಗದರ್ಶಕರೊಬ್ಬರ ಕೈಕೆಳಗೆ ಸಂಶೋಧನೆ ನಡೆಸಿ ಪ್ರೌಢಪ್ರಬಂಧ ಬರೆಯುತ್ತಾನೆ. ಇನ್ನೊಂದರಲ್ಲಿ ತರಗತಿಯ ಪಾಠಗಳೇ ಪದವಿಯ ಬೆನ್ನೆಲುಬು. ಕೆನಡಾದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದಕ್ಕೆ ಎಂ.ಎ.ಎಸ್ಸಿ. ಎಂದೂ ಎರಡನೆಯದಕ್ಕೆ ಎಂ.ಇಂಜಿ. ಎಂದೂ ಹೆಸರು. ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ 45 ಯೂನಿಟ್‌ಗಳ ಪಾಠಗಳನ್ನು ಪೂರೈಸಿದವನಿಗೆ ಮೆಕ್ಯಾನಿಕಲ್ ಎಂ.ಎಸ್. ದೊರೆಯುತ್ತದೆ, ಪ್ರೌಢಪ್ರಬಂಧ ಕಡ್ಡಾಯವಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಎರಡು ಕವಲುಗಳು ಬಹುಕಾಲದಿಂದ ಇವೆ. ಹಿಂದೆ ಎಂ.ಇ. ಮತ್ತು ಎಂ.ಎಸ್ಸಿ. ಇಂಜಿನಿಯರಿಂಗ್ ಎಂದು ಕರೆಯಲಾಗುತ್ತಿದ್ದವು ಈಗ ಎಂ.ಟೆಕ್. ಮತ್ತು ಎಂ.ಟೆಕ್. ರಿಸರ್ಚ್ ಎನಿಸಿಕೊಂಡಿವೆ. ಅಲ್ಲಿನ ಕೋರ್ಸ್ ಪದವಿಗೆ 64 ಕ್ರೆಡಿಟ್‌ಗಳು ಬೇಕು. ಅದರಲ್ಲಿ ಪ್ರಾಜೆಕ್ಟ್ ಒಂದು ಭಾಗ ಮಾತ್ರ.

ಹಾಗಾದರೆ ಬಿ.ಇ.ಯಲ್ಲಿ ನಾಲ್ಕು ವರ್ಷ ಓದಿದವನು ಮತ್ತೆ ತರಗತಿಯಲ್ಲಿ ಕುಳಿತು ಕಲಿಯುವುದೇನು? ಇದನ್ನು ಒಂದು ಉದಾಹರಣೆಯಿಂದಲೇ ವಿವರಿಸುವುದು ಲೇಸು.

ಅಗಲವಾದ ಉಕ್ಕಿನ ತಗಡೊಂದನ್ನು ಎರಡು ತುದಿಗಳಿಂದ ಎಳೆಯುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಅದರ ನಡುವೆ ಒಂದು ಸಣ್ಣ ದುಂಡು ತೂತು ಇದೆ. ಲೋಹದೊಳಗೆ ಬಲ ಎಷ್ಟು ಸಾಂದ್ರವಾಗಿದೆ ಎಂಬುದನ್ನು ಇಂಜಿನಿಯರುಗಳು ಸ್ಟ್ರೆಸ್ ಎನ್ನುತ್ತಾರೆ. ತೂತಿನ ಅಂಚಿನಲ್ಲಿ ಈ ಸ್ಟ್ರೆಸ್ ದೂರದ ಭಾಗದಲ್ಲಿರುವುದಕ್ಕಿಂತ ಮೂರು ಪಟ್ಟು ಏರುತ್ತದೆ. ಜರ್ಮನಿಯ ಕಿರ್ಶ್ ಇದನ್ನು 1898ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದ. ತೂತು ದುಂಡಗಿರದೆ ಮೊಟ್ಟೆಯಾಕಾರದಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಇಂಗ್ಲಿಸ್ 1913ರಲ್ಲಿ ವಿವರಿಸಿದ. ಎಳೆತಕ್ಕೆ ಅಡ್ಡಲಾಗಿರುವ ಅದರ ಉದ್ದವು ಅಗಲದ ಹತ್ತು ಪಟ್ಟಿದ್ದರೆ ತುದಿಯಲ್ಲಿ ಸ್ಟ್ರೆಸ್ 21 ಪಟ್ಟಾಗುತ್ತದೆ. ತುದಿ ಹರಿತವಾದಷ್ಟೂ ಅಪಾಯ ಹೆಚ್ಚು. ಬಿ.ಇ. ವಿದ್ಯಾರ್ಥಿಗೆ ಕೈಪಿಡಿಯ ಕೋಷ್ಟಕದಲ್ಲಿ ಈ ಅಂಕಿಗಳು ಸಿಗುತ್ತವೆ. ಅವು ಎಲ್ಲಿಂದ ಬಂದವು, ಎಲ್ಲಿಯವರೆಗೆ ಸತ್ಯ ಎಂಬುದನ್ನು ಮೊದಲ ತತ್ತ್ವಗಳಿಂದ ಬಿಡಿಸಿ ತೋರಿಸುವುದು ಸ್ನಾತಕೋತ್ತರ ತರಗತಿಯ ಸಾಲಿಡ್ ಮೆಕ್ಯಾನಿಕ್ಸ್ ಪಾಠ.

ಇದರಿಂದ ಕಾರ್ಖಾನೆಗೆ ಏನು ಲಾಭ ಎಂದು ಕೇಳುವವರಿದ್ದಾರೆ. ಇಂದು ಯಂತ್ರದ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಣುಕುಗಳಾಗಿ ವಿಂಗಡಿಸಿ ಸ್ಟ್ರೆಸ್ ಲೆಕ್ಕ ಹಾಕುತ್ತಾರೆ. ಕೆಂಪು, ಹಳದಿ, ನೀಲಿ ಬಣ್ಣಗಳ ಸುಂದರ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಭಾಗವೊಂದರ ಒಳಮೂಲೆಯನ್ನು ಚೂಪಾಗಿ ಬರೆದಿದ್ದರೆ ತುಣುಕುಗಳನ್ನು ಚಿಕ್ಕದು ಮಾಡಿದಂತೆಲ್ಲ ಆ ಮೂಲೆಯ ಅಂಕಿ ಏರುತ್ತಲೇ ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ತಂತ್ರಾಂಶವನ್ನಷ್ಟೇ ಕಲಿತವನು ಹೆದರಿ ಲೋಹದ ದಪ್ಪವನ್ನು ಹೆಚ್ಚಿಸುತ್ತಾನೆ. ಇಲ್ಲವೇ ತನಗೆ ಬೇಕಾದ ಅಂಕಿ ಬಂದೊಡನೆ ನಿಲ್ಲಿಸಿಬಿಡುತ್ತಾನೆ. ಎರಡನೆಯದು ಹೆಚ್ಚು ಅಪಾಯಕಾರಿ. ಅಂಥ ಚೂಪು ಮೂಲೆಯಲ್ಲಿ ಸ್ಥಿತಿಸ್ಥಾಪಕತ್ವದ ಸಿದ್ಧಾಂತವೇ ಅನಂತವೆಂಬ ಉತ್ತರ ಕೊಡುತ್ತದೆಂದು ಬಲ್ಲವನು ಮಾತ್ರ, ನಿಜವಾದ ಭಾಗದಲ್ಲಿರುವ ಸಣ್ಣ ದುಂಡುತನವನ್ನು ಲೆಕ್ಕದೊಳಗೆ ತಂದು ಸರಿಯಾದ ಉತ್ತರ ಪಡೆಯುತ್ತಾನೆ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. 1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಇಟಲಿಯ ಬಳಿ ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿದ್ದವು. ಫಾರ್ನ್‌ಬರೋದಲ್ಲಿ ಅದೇ ಬಗೆಯ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟು ಪರೀಕ್ಷಿಸಲಾಯಿತು. ಚೌಕಾಕಾರದ ಕಿಂಡಿಗಳ ಮೂಲೆಗಳ ಬಳಿ ಲೋಹ ದಣಿದು ಬಿರುಕು ಬಿಡುತ್ತಿದ್ದುದು ಆಗ ಬೆಳಕಿಗೆ ಬಂದಿತು.

ಇನ್ನು ಹಣದ ಮಾತು. ಕೋರ್ಸ್ ಪದವಿಗೂ ಸಂಶೋಧನಾ ಪದವಿಗೂ ಇರುವ ದೊಡ್ಡ ಅಂತರ ವಿದೇಶಗಳಲ್ಲಿ ಕಾಣುವುದು ಇಲ್ಲಿಯೇ. ಪ್ರಬಂಧ ಬರೆಯುವವನು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ದುಡಿಯುವುದರಿಂದ ಅವನಿಗೆ ಸಹಾಯಧನ ದೊರೆಯುವ ಸಂಭವವಿರುತ್ತದೆ. ಪಾಠಗಳನ್ನಷ್ಟೇ ಓದುವವನು ಸಾಮಾನ್ಯವಾಗಿ ಪೂರ್ಣ ಶುಲ್ಕವನ್ನು ತಾನೇ ತೆರಬೇಕು. ನಮ್ಮಲ್ಲಿ ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದು ನೆಮ್ಮದಿಯಿಂದಿರುವ ತಂದೆತಾಯಂದಿರು, ಆ ಅವಧಿಯಲ್ಲಿಯೂ ಬಡ್ಡಿ ಸೇರುತ್ತಲೇ ಇರುತ್ತದೆಂಬುದನ್ನು ಮರೆಯಬಾರದು.

ಓದಿದ ಮೇಲೆ ಅಲ್ಲಿಯೇ ದುಡಿದು ಸಾಲ ತೀರಿಸುವ ಲೆಕ್ಕ ಹಲವರದು. ಅಮೆರಿಕೆಯಲ್ಲಿ ವಿದ್ಯಾರ್ಥಿಗಳಿಗೆ ಹನ್ನೆರಡು ತಿಂಗಳ ಕೆಲಸದ ಅನುಮತಿಯ ಮೇಲೆ ಇಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು ಸೇರಿಸುವ ನಿಯಮ 2016ರಲ್ಲಿ ಜಾರಿಗೆ ಬಂದಿತು. ಆದರೆ ಪರದೇಶದ ನಿಯಮವನ್ನು ನಂಬಿ ತೋಟ ಅಡವಿಡುವ ಮುನ್ನ ಎರಡು ಬಾರಿ ಯೋಚಿಸಬೇಕು. ಬರುವ ವಿದ್ಯಾರ್ಥಿ ಒಂದು ವರ್ಷದ ಜೀವನವೆಚ್ಚಕ್ಕೆ 10,000 ಡಾಲರ್ ತೋರಿಸಬೇಕೆನ್ನುತ್ತಿದ್ದ ಕೆನಡಾ, 2024ರ ಜನವರಿ 1ರಿಂದ ಅದನ್ನು 20,635 ಡಾಲರಿಗೆ ಏರಿಸಿತು. ಅರ್ಜಿಯ ಸಿದ್ಧತೆಯಲ್ಲಿದ್ದ ಕುಟುಂಬಗಳ ಲೆಕ್ಕಾಚಾರ ತಲೆಕೆಳಗಾಯಿತು.

ನಮ್ಮ ದೇಶದಲ್ಲಿ ಸ್ಥಿತಿ ಬೇರೆ. ಗೇಟ್ ಪರೀಕ್ಷೆಯ ಅಂಕದಿಂದ ಎಂ.ಟೆಕ್. ಸೇರಿದವನು ಕೋರ್ಸ್ ಪದವಿಯವನಾದರೂ ವಿದ್ಯಾರ್ಥಿವೇತನಕ್ಕೆ ಅರ್ಹ. ಅದು 2015ರ ವೇಳೆಗೆ ತಿಂಗಳಿಗೆ 8,000 ರೂಪಾಯಿಯಿಂದ 12,400ಕ್ಕೆ ಏರಿತ್ತು. ಮನೆಗೆ ಕಳುಹಿಸುವಷ್ಟಲ್ಲದಿದ್ದರೂ ಮನೆಯಿಂದ ತರಿಸಿಕೊಳ್ಳಬೇಕಾಗದಷ್ಟು ಎನ್ನೋಣ. ಗೇಟ್ ಎಂದರೆ ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಒಮ್ಮೆ ಪಡೆದ ಅಂಕ ಮೂರು ವರ್ಷ ಸಲ್ಲುತ್ತದೆ. ಬಿ.ಇ. ಮೂರನೆಯ ವರ್ಷದಲ್ಲಿರುವವರೂ ಬರೆಯಬಹುದು.

ಕೋರ್ಸ್ ಪದವಿಯ ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ಪಿಎಚ್.ಡಿ. ಮಾಡಬಯಸುವವನಿಗೆ ತನ್ನ ಕೆಲಸವನ್ನು ಹತ್ತಿರದಿಂದ ಕಂಡ ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕು. ಎಂಬತ್ತು ಮಂದಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಅದು ಸಿಗದು. ಇದಕ್ಕೆ ಪ್ರತಿಯಾಗಿ ಈ ಪದವಿಗೆ ಒಂದು ಅನುಕೂಲವಿದೆ: ಇನ್ನೂ ದಾರಿ ನಿಶ್ಚಯಿಸದವನಿಗೆ ಹಲವು ಬಾಗಿಲುಗಳನ್ನು ತಟ್ಟಿನೋಡುವ ಅವಕಾಶ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ ರೊದ್ದಂ ನರಸಿಂಹ ಅವರು ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನವನ್ನು ಕಂಡು ಮಾರುಹೋಗಿ, ಪದವಿಯ ಬಳಿಕ ಅಲ್ಲಿಯೇ ವೈಮಾನಿಕ ವಿಭಾಗ ಸೇರಿದ್ದನ್ನು ಇಲ್ಲಿ ನೆನೆಯಬಹುದು.

ಹಿರಿಯರಿಗೆ ಇಷ್ಟನ್ನೂ ಹೇಳಿ, "ಹುಡುಗನನ್ನೇ ಒಮ್ಮೆ ಕಳುಹಿಸಿ" ಎಂದೆ. ಮರುವಾರ ಅವನು ಬಂದ. ವಿಶ್ವವಿದ್ಯಾಲಯದ ಶ್ರೇಯಾಂಕ, ನಗರದ ಬಾಡಿಗೆ, ವಿಮಾನದ ದರ ಎಲ್ಲವೂ ಅವನ ನಾಲಗೆಯ ತುದಿಯಲ್ಲಿದ್ದವು. "ಅಲ್ಲಿ ಯಾವ ಯಾವ ಪಾಠಗಳನ್ನು ಆರಿಸಿಕೊಳ್ಳುತ್ತೀಯಪ್ಪಾ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಪಾಠಗಳೇ ಪದವಿಯಾಗಿರುವಲ್ಲಿ ಪಾಠಪಟ್ಟಿಯನ್ನು ಅವನು ತೆರೆದೇ ನೋಡಿರಲಿಲ್ಲ. ಅಂದು ಸಂಜೆ ಇಬ್ಬರೂ ಕುಳಿತು ಓದಿದೆವು. ಕಂಪನಶಾಸ್ತ್ರ, ಉಷ್ಣ ವರ್ಗಾವಣೆ, ಗಣಿತ ಎಂದು ಗುರುತು ಹಾಕುತ್ತ ಹೋದಂತೆ, ಅವನಿಗೆ ಬೇಕಾದ ಪಾಠಗಳಲ್ಲಿ ಬಹುಪಾಲು ಬೆಂಗಳೂರಿನ ಪಟ್ಟಿಯಲ್ಲಿಯೂ ಇದ್ದವು.

ಪ್ರವೇಶವನ್ನು ಒಂದು ವರ್ಷ ಮುಂದೂಡಲು ಅವನು ಪತ್ರ ಬರೆದಿದ್ದಾನೆ. ಆರ್.ಟಿ.ಸಿ. ಮತ್ತೆ ಪೆಟ್ಟಿಗೆ ಸೇರಿದೆ. ಮೊನ್ನೆ ಪೇಟೆಯಲ್ಲಿ ಸಿಕ್ಕ ತಂದೆ ಕೇಳಿದ್ದು ಒಂದೇ ಮಾತು: "ಗೇಟ್ ಫೆಬ್ರವರಿಯಲ್ಲಿ ಅಲ್ಲವೇ, ಮಾಸ್ಟ್ರೇ?"