ಮಿರಜ ಜಂಕ್ಷನ್: ಮೂರು ಅಳತೆಯ ಹಳಿಗೆ ಒಂದೇ ಅಂಗಳ

ಜಮಖಂಡಿ ಬಳಿಯ ಚಿಕ್ಕಪಡಸಲಗಿ ಕಡೆಯವರಿಗೆ ರೈಲು ಅಂದರೆ ಕುಡಚಿ, ಇಲ್ಲವೇ ಮಿರಜ. ಜಮಖಂಡಿ ಪೇಟೆಯಲ್ಲಿ ಇನ್ನೂ ರೈಲಿನ ಸೀಟಿ ಕೇಳಿಲ್ಲ. ಹಾಗಾಗಿ ಪುಣೆ, ಮುಂಬೈಗೆ ಹೊರಟವರು ಮೊದಲು ಬಸ್ಸು ಹಿಡಿಯಬೇಕು. ಊರ ದವಾಖಾನೆಯಲ್ಲಿ ಗುಣ ಕಾಣದ ಬೇನೆಗೆ ‘ಮಿರಜಕ್ಕ ಒಯ್ಯರಿ’ ಎನ್ನುವುದು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ಹಳೆಯ ಮಾತು. ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಬೆಳೆದ ರೂಢಿ ಅದು. ಜಮಖಂಡಿಗೂ ಮಿರಜಕ್ಕೂ ಅದಕ್ಕಿಂತ ಹಿಂದಿನ ನಂಟೂ ಇದೆ: ಎರಡೂ ಪಟವರ್ಧನ ಮನೆತನದವರು ಆಳಿದ ಸಂಸ್ಥಾನಗಳು. ಈಗ ನಡುವೆ ರಾಜ್ಯದ ಗಡಿ ಬಂದಿದೆ. ಆದರೂ ಮಿರಜದ ಪ್ಲಾಟ್‌ಫಾರ್ಮಿನ ಮೇಲೆ ಕನ್ನಡ ಮಾತಿಗೆ ಬರವಿಲ್ಲ.

ಈ ಸ್ಟೇಷನ್ ಎಂದೂ ಒಬ್ಬರೇ ಓಡಾಡುವ ಅಂಗಳವಾಗಿರಲಿಲ್ಲ. ಇಂದಿಗೂ ಅದರ ಆಡಳಿತ ಮಧ್ಯ ರೈಲ್ವೆಯ ಪುಣೆ ವಿಭಾಗದ್ದು. ಅಲ್ಲಿಂದ ಉಗಾರ, ಕುಡಚಿ, ಘಟಪ್ರಭಾ, ಬೆಳಗಾವಿಯತ್ತ ಹೊರಡುವ ಹಳಿ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ್ದು. ಆದರೆ ಮಿರಜದ ಹಳೆಯ ಹಂಚಿಕೆ ಇದಕ್ಕಿಂತ ಎಷ್ಟೋ ತೊಡಕಿನದು. 1970ರ ದಶಕದಲ್ಲಿ ಇಲ್ಲಿ ಇಳಿದವನ ಕಣ್ಣಿಗೆ ಒಂದೇ ನಿಲ್ದಾಣದಲ್ಲಿ ಮೂರು ಅಳತೆಯ ಹಳಿಗಳು ಬೀಳುತ್ತಿದ್ದವು. ಪುಣೆಯಿಂದ ಕೊಲ್ಹಾಪುರಕ್ಕೆ ಹೋಗುವ ಬ್ರಾಡ್‌ಗೇಜ್, ಅಗಲ 1,676 ಮಿಲಿಮೀಟರ್. ಬೆಳಗಾವಿ, ಲೋಂಡಾ ಮೇಲೆ ಬೆಂಗಳೂರಿಗೆ ಹೋಗುವ ಮೀಟರ್‌ಗೇಜ್, 1,000 ಮಿಲಿಮೀಟರ್. ಮತ್ತೊಂದು ಮಗ್ಗುಲಲ್ಲಿ ಪಂಢರಪುರ, ಕುರ್ಡುವಾಡಿ, ಬಾರ್ಶಿ ದಾಟಿ ಲಾತೂರಿಗೆ ಹೋಗುವ ನ್ಯಾರೋಗೇಜ್, ಬರೀ 762 ಮಿಲಿಮೀಟರ್. ಜನರ ಬಾಯಲ್ಲಿ ಅದು ಸಣ್ಣ ಗಾಡಿ.

ಇತಿಹಾಸವನ್ನು ಚುಟುಕಾಗಿ ಹೇಳಿಬಿಡಬಹುದು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಪುಣೆಯಿಂದ ಮಿರಜ, ಬೆಳಗಾವಿ ಹಾಯ್ದು ಲೋಂಡಾಕ್ಕೆ ಮೀಟರ್‌ಗೇಜ್ ಹಾಕಿತು. 1890ರ ಹೊತ್ತಿಗೆ ಆ ದಾರಿ ತೆರೆಯಿತು. ಕೊಲ್ಹಾಪುರ ಸಂಸ್ಥಾನ ತನ್ನ ರಾಜಧಾನಿಯಿಂದ ಮಿರಜಕ್ಕೆ ಕಟ್ಟಿಸಿದ ಮಾರ್ಗ 1891ರಲ್ಲಿ ಬಂದು ಕೂಡಿಕೊಂಡಿತು. 1908ರಲ್ಲಿ ಸದರ್ನ್ ಮರಾಠಾ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಸೇರಿ ‘ಮದ್ರಾಸ್ ಅಂಡ್ ಸದರ್ನ್ ಮರಾಠಾ’ ಆಯಿತು. 1927ರಲ್ಲಿ ಬಾರ್ಶಿ ಲೈಟ್ ರೈಲ್ವೆ ಎಂಬ ಇನ್ನೊಂದು ಕಂಪನಿಯ ಪುಟ್ಟ ಹಳಿ ಪಂಢರಪುರದ ಕಡೆಯಿಂದ ಬಂದು ಮಿರಜ ಮುಟ್ಟಿತು.

ಮಿರಜದ ಕಥೆಯಲ್ಲಿ ಮನಸ್ಸು ಹಿಡಿದು ನಿಲ್ಲಿಸುವುದು ಈ ಕೊನೆಯ ಕಂಪನಿ, ಅದರಲ್ಲೂ ಅದನ್ನು ಕಟ್ಟಿದ ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್.

1857ರಲ್ಲಿ ಹುಟ್ಟಿದ ಕ್ಯಾಲ್ತ್ರಾಪ್ 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ಲೋಕೋಮೋಟಿವ್ ಇನ್‌ಸ್ಪೆಕ್ಟರ್ ಆಗಿ ಭಾರತಕ್ಕೆ ಬಂದ. ದೊಡ್ಡ ಕಂಪನಿಯ ಹಳಿ ಬಾರ್ಶಿ ಪೇಟೆಯನ್ನು ಮುಟ್ಟದೆ ದೂರದಲ್ಲೇ ಹಾದುಹೋಗಿತ್ತು. ಪೇಟೆಯ ಹತ್ತಿ, ಕಾಳು-ಕಡಿ ಎತ್ತಿನ ಬಂಡಿಯಲ್ಲಿ ಸ್ಟೇಷನ್ನಿಗೆ ಬರಬೇಕು. ಇಂಥ ಪೇಟೆಗೆ ದೊಡ್ಡ ಹಳಿ ಹಾಕಲು ಯಾರೂ ದುಡ್ಡು ಸುರಿಯುವುದಿಲ್ಲ ಎಂಬುದು ಆತನಿಗೆ ತಿಳಿದಿತ್ತು. ಹಾಗಾದರೆ ಕಡಿಮೆ ದುಡ್ಡಿನಲ್ಲಿ, ಆದರೆ ಆಟಿಕೆಯಂತಾಗದೆ, ಗಟ್ಟಿ ಸರಕು ಹೊರುವ ರೈಲು ಕಟ್ಟಲು ಬರುತ್ತದೆಯೇ ಎಂಬ ಲೆಕ್ಕಾಚಾರಕ್ಕೆ ಬಿದ್ದ.

ಆತ ಕಂಡುಕೊಂಡ ಉತ್ತರ ಸರಳ. ಹಳಿಗೆ ಪೆಟ್ಟು ಕೊಡುವುದು ಗಾಡಿಯ ಒಟ್ಟು ತೂಕವಲ್ಲ, ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕ. ಎಂಜಿನ್ ಇರಲಿ, ಡಬ್ಬಿ ಇರಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಎಂದು ಗೆರೆ ಎಳೆದ. ಭಾರ ಸಮನಾಗಿ ಹಂಚಿಹೋದರೆ ಗಜಕ್ಕೆ 30 ಪೌಂಡ್ ತೂಗುವ ತೆಳು ಹಳಿಯೇ ಸಾಕು. ಸೇತುವೆ ಹಗುರ, ಕಟ್ಟೆ ಹಗುರ, ಖರ್ಚೂ ಹಗುರ. ಅದಕ್ಕೆ ಒಪ್ಪುವ ಎಂಜಿನ್ನನ್ನು ಲೀಡ್ಸ್ ನಗರದ ಕಿಟ್ಸನ್ ಕಂಪನಿ ಮಾಡಿಕೊಟ್ಟಿತು. ಮುಂದೆ ಎಳೆಯುವ ಎಂಟು ಗಾಲಿ, ಹಿಂದೆ ಭಾರ ಹೊರಲು ನಾಲ್ಕು ಸಣ್ಣ ಗಾಲಿ. ಡಬ್ಬಿಗಳಿಗೆ ಒತ್ತಿ ರೂಪ ಕೊಟ್ಟ ಉಕ್ಕಿನ ಚೌಕಟ್ಟು. ಹಡಗು ಹತ್ತಿಸುವ ಮೊದಲು ಲೀಡ್ಸ್ ಹತ್ತಿರದ ನ್ಯೂಲೇ ಎಂಬಲ್ಲಿ ಹಳಿ ಹಾಕಿ ಗಾಡಿ ಓಡಿಸಿ ತೋರಿಸಿದರು. 1897ರಲ್ಲಿ ಬಾರ್ಶಿ ರೋಡ್ ಎನಿಸಿದ್ದ ಈಗಿನ ಕುರ್ಡುವಾಡಿಯಿಂದ ಬಾರ್ಶಿ ಪೇಟೆಗೆ ರೈಲು ಓಡಿತು. ಮುಂದೆ ಅದು ಒಂದು ಕಡೆ ಪಂಢರಪುರಕ್ಕೆ, ಇನ್ನೊಂದು ಕಡೆ ಲಾತೂರಿಗೆ ಬೆಳೆಯಿತು. ಮಿರಜ ಮುಟ್ಟಿದಾಗ ಸುಮಾರು 325 ಕಿಲೋಮೀಟರಿನ ಜಾಲ. ಹಳ್ಳಿಗಾಡಿನ ಸಣ್ಣ ಹಳಿಗೆ ಅದು ಸಣ್ಣ ಸಾಧನೆಯಲ್ಲ.

ಕ್ಯಾಲ್ತ್ರಾಪ್ ಬಾರ್ಶಿ ರೈಲಿಗಷ್ಟೇ ಸೀಮಿತನಾದವನಲ್ಲ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ 1904ರಲ್ಲಿ ತೆರೆದ ಲೀಕ್ ಅಂಡ್ ಮ್ಯಾನಿಫೋಲ್ಡ್ ರೈಲ್ವೆಯಲ್ಲಿ ಆತ ಒಂದು ಉಪಾಯ ಹೂಡಿದ. ದೊಡ್ಡ ಗೇಜಿನ ವ್ಯಾಗನ್ನನ್ನು ಸರಕಿನ ಸಮೇತ ಸಣ್ಣ ಗೇಜಿನ ತಗ್ಗು ಗಾಡಿಯ ಮೇಲೆ ಹತ್ತಿಸಿ ಕರೆದೊಯ್ಯುವುದು! ಹಳಿ ಬದಲಾದಲ್ಲಿ ಸರಕು ಇಳಿಸಿ ಏರಿಸುವ ಗೋಜೇ ಇಲ್ಲ. 1910ರಲ್ಲಿ ಸ್ನೇಹಿತ ಚಾರ್ಲ್ಸ್ ರೋಲ್ಸ್, ರೋಲ್ಸ್-ರಾಯ್ಸ್ ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬ, ವಿಮಾನ ಮುರಿದು ಸತ್ತ. ಆ ಸಾವು ಕ್ಯಾಲ್ತ್ರಾಪ್‌ನನ್ನು ಪ್ಯಾರಾಚೂಟ್ ಕಡೆಗೆ ತಿರುಗಿಸಿತು. ‘ಗಾರ್ಡಿಯನ್ ಏಂಜೆಲ್’ ಎಂದು ಹೆಸರಿಟ್ಟ ಆ ಕೊಡೆ ಕಟ್ಟಿಕೊಂಡು 1917ರಲ್ಲಿ ಒಬ್ಬ ಅಧಿಕಾರಿ ಲಂಡನ್ನಿನ ಟವರ್ ಬ್ರಿಜ್ ಮೇಲಿಂದ ಹಾರಿ ತೋರಿಸಿದ. 1918ರಲ್ಲಿ ಇಟಲಿಯ ರಣರಂಗದಲ್ಲಿ ಶತ್ರುಸಾಲಿನ ಹಿಂದೆ ಗೂಢಚಾರನನ್ನು ಇಳಿಸಲು ಅದು ಬಳಕೆಯಾಯಿತು. ಆದರೆ ಬ್ರಿಟಿಷ್ ಸೇನೆ ಯುದ್ಧ ಮುಗಿಯುವವರೆಗೂ ತನ್ನ ಯುದ್ಧವಿಮಾನಗಳ ಪೈಲಟ್‌ಗಳಿಗೆ ಪ್ಯಾರಾಚೂಟ್ ಕೊಡಲಿಲ್ಲ. ಬದುಕಬಹುದಾಗಿದ್ದ ಎಷ್ಟೋ ಹುಡುಗರು ಹಾಗೇ ಹೋದರು. ಈ ನಡುವೆ ಆತ ಅರಬ್ಬಿ ಕುದುರೆಗಳನ್ನು ಸಾಕಿದ, ಕುದುರೆಯನ್ನು ಪ್ರೀತಿಯಿಂದ ಪಳಗಿಸುವುದರ ಬಗ್ಗೆ ಪುಸ್ತಕವನ್ನೂ ಬರೆದ. ತೀರಿಕೊಂಡದ್ದು 1927ರ ಮಾರ್ಚ್ 30ರಂದು; ಆತನ ಹಳಿ ಮಿರಜ ಮುಟ್ಟಿದ್ದೂ ಅದೇ ವರ್ಷ.

ಇತ್ತ ಮಿರಜದಲ್ಲಿ ಗೇಜು ಬದಲಾಗುವ ಭಾರವೆಲ್ಲ ಬಿದ್ದದ್ದು ಹಮಾಲರ ಬೆನ್ನಿಗೆ. ಸರಕು ಒಂದು ಕಂಪನಿಯ ವ್ಯಾಗನ್ನಿನಿಂದ ಇಳಿದು ಇನ್ನೊಂದರ ವ್ಯಾಗನ್ನಿಗೆ ಏರಬೇಕು. ಲೆಕ್ಕದ ಚೀಟಿ ಕೈ ಬದಲಾಗಬೇಕು, ಒಡೆದ ಮೂಟೆಗೆ ಯಾರು ಹೊಣೆ ಎಂಬುದು ತೀರ್ಮಾನವಾಗಬೇಕು. ಪ್ರಯಾಣಿಕರ ಪಾಡೂ ಬೇರೆಯಲ್ಲ. 1971ರಲ್ಲಿ ಪುಣೆಯ ಹಳಿ ಬ್ರಾಡ್‌ಗೇಜ್ ಆದ ಮೇಲೆ, ಮುಂಬೈಯಿಂದ ಬೆಂಗಳೂರಿಗೆ ಹೊರಟವರು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್‌ನಿಂದ ಇಲ್ಲಿ ಇಳಿದು, ಹಾಸಿಗೆ ಸುತ್ತಿ, ಟ್ರಂಕು ಹೊರಿಸಿ ಮೀಟರ್‌ಗೇಜಿನ ಗಾಡಿಗೆ ಓಡಬೇಕಿತ್ತು. 1990ರ ದಶಕದಲ್ಲಿ ಬೆಳಗಾವಿಯತ್ತಣ ಹಳಿಯೂ ಬ್ರಾಡ್‌ಗೇಜ್ ಆಗುವವರೆಗೆ ಈ ಓಟ ತಪ್ಪಲಿಲ್ಲ.

ಹಳಿ ಹಂಚಿಕೊಳ್ಳುವುದು ಎಲ್ಲೆಡೆ ಇಷ್ಟು ಕಷ್ಟದ್ದಲ್ಲ. ಬಾರ್ಶಿ ರೈಲು ಮಿರಜಕ್ಕೆ ಬಂದ 1927ರಲ್ಲೇ ಟೋಕಿಯೊದ ಅಂಚಿನಲ್ಲಿ ಒಡಾಕ್ಯು ಎಂಬ ಖಾಸಗಿ ಕಂಪನಿಯ ಮಾರ್ಗ ತೆರೆಯಿತು. ಅದರ ಒಂದು ನಿಲ್ದಾಣ ಈಗಿನ ಯೊಯೊಗಿ-ಉಎಹರಾ. 1978ರಲ್ಲಿ ನಗರದ ಸುರಂಗ ಮೆಟ್ರೊದ ಚಿಯೊದಾ ಮಾರ್ಗ ಅಲ್ಲಿಗೆ ಬಂದು ಕೂಡಿತು. ನಿಲ್ದಾಣ ನೋಡಿಕೊಳ್ಳುವುದು ಒಡಾಕ್ಯು. ಪ್ಲಾಟ್‌ಫಾರ್ಮಿನ ಒಂದು ಬದಿ ಒಂದು ಕಂಪನಿಯ ಗಾಡಿ, ಎದುರು ಬದಿ ಇನ್ನೊಂದರದು. ಎರಡೂ ಕಡೆ ಹಳಿಯ ಅಗಲ 1,067 ಮಿಲಿಮೀಟರ್ ಇರುವುದರಿಂದ ಒಂದು ಕಂಪನಿಯ ಗಾಡಿ ಇನ್ನೊಂದರ ಹಳಿಯ ಮೇಲೆ ನೇರ ಓಡುತ್ತದೆ. ಕಂಪನಿ ಬದಲಾದದ್ದು ಕೂತವರಿಗೆ ಗೊತ್ತೇ ಆಗುವುದಿಲ್ಲ. ಮಿರಜದಲ್ಲಿ ಒಡೆತನ ಹಂಚಿಹೋದದ್ದು ದೊಡ್ಡ ತೊಂದರೆಯಾಗಿರಲಿಲ್ಲ, ಅಳತೆ ಹಂಚಿಹೋದದ್ದೇ ತೊಂದರೆಯಾಯಿತು.

ಆದರೂ ಆ ತೊಡಕಿನ ಸ್ಟೇಷನ್ ಗಡಿಸೀಮೆಯ ಬದುಕನ್ನು ಹೆಣೆದ ಬಗೆಯನ್ನು ಮರೆಯಲಾಗದು. ಆಷಾಢಿ, ಕಾರ್ತಿಕಿ ಬಂತೆಂದರೆ ವಿಠ್ಠಲನ ಭಕ್ತರು ಇಲ್ಲಿ ಗಾಡಿ ಬದಲಿಸಿ ಪಂಢರಪುರಕ್ಕೆ ಹೊರಡುತ್ತಿದ್ದರು. ಕವಠೆ ಮಹಾಂಕಾಳ, ಜತ್ತ ರೋಡ್, ಸಾಂಗೋಲಾ ಎಂದು ಸಣ್ಣ ಗಾಡಿ ಸಾವಕಾಶ ಸಾಗುತ್ತಿತ್ತು, ಕನ್ನಡ ಮಾತಾಡುವ ಜತ್ತ ಸೀಮೆಯನ್ನು ಸವರಿಕೊಂಡು. ಹಾಡುಗಾರರಿಗೂ ಇದು ದಾರಿ. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆ ನಿಂತದ್ದು ಮಿರಜದಲ್ಲಿ. ಕಛೇರಿಗಾಗಿ ಮೈಸೂರು, ಮದ್ರಾಸ್ ಎಂದು ರೈಲಿನಲ್ಲೇ ತಿರುಗಿದ ಅವರು 1937ರ ಅಕ್ಟೋಬರ್‌ನಲ್ಲಿ ಪಾಂಡಿಚೇರಿಗೆ ಹೋಗುತ್ತ, ದಾರಿಯ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು ಅಲ್ಲೇ ಕೊನೆಯುಸಿರೆಳೆದರು. ಸಮಾಧಿ ಮಾತ್ರ ಮಿರಜದ ಮೀರಾಸಾಹೇಬ ದರ್ಗಾದಲ್ಲಿದೆ.

ಬಾರ್ಶಿ ಕಂಪನಿಯನ್ನು ಸರ್ಕಾರ 1954ರಲ್ಲಿ ಕೊಂಡುಕೊಂಡಿತು. ಅದರ ಹಳಿಯೆಲ್ಲ ತುಂಡು ತುಂಡಾಗಿ ಬ್ರಾಡ್‌ಗೇಜ್ ಆಯಿತು. ಕೊನೆಗೆ ಉಳಿದಿದ್ದ ತುಂಡು ಮಿರಜ–ಪಂಢರಪುರ. ಕ್ಯಾಲ್ತ್ರಾಪ್ ಹುಡುಕಿದ ದಾರಿ ಉಳಿಯಿತು, ಹಳಿ ಹೋಯಿತು. ಆ ದಾರಿಯ ಬೆಲೆ ದೇಶಕ್ಕೆಲ್ಲ ಗೊತ್ತಾದದ್ದು 2016ರ ಏಪ್ರಿಲ್‌ನಲ್ಲಿ. ಲಾತೂರಿನಲ್ಲಿ ಕುಡಿಯಲು ನೀರಿರಲಿಲ್ಲ. ಮಿರಜದಲ್ಲಿ ಕೃಷ್ಣೆಯ ನೀರು ತುಂಬಿಕೊಂಡ 10 ಟ್ಯಾಂಕರ್ ವ್ಯಾಗನ್‌ಗಳ ರೈಲು ಪಂಢರಪುರ, ಕುರ್ಡುವಾಡಿಯ ಅದೇ ದಾರಿ ಹಿಡಿದು ಲಾತೂರು ತಲುಪಿತು. ಮೊದಲ ಸರತಿಗೆ ಸುಮಾರು 5 ಲಕ್ಷ ಲೀಟರ್. ಮುಂದೆ 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್. ಹತ್ತಿ, ಕಾಳಿಗೆಂದು ಹಾಕಿದ ದಾರಿಯಲ್ಲಿ ನದಿಯೇ ಗಾಡಿ ಹತ್ತಿ ಹೋಯಿತು.

ಅದೇ ಕೃಷ್ಣೆ ಕುಡಚಿಯ ರೈಲು ಸೇತುವೆಯ ಕೆಳಗೆ ಹಾದು ಚಿಕ್ಕಪಡಸಲಗಿಗೆ ಬರುತ್ತಾಳೆ. ಅಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮದೇ ದುಡ್ಡು, ತಮ್ಮದೇ ದುಡಿಮೆ ಹಾಕಿ ಬ್ಯಾರೇಜ್ ಕಟ್ಟಿ ನೀರು ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ದುಡ್ಡಿಲ್ಲವೆಂದು ಸರ್ಕಾರ ಕೈಚೆಲ್ಲಿದರೂ ಹೊಲಕ್ಕೆ ನೀರು ತಂದ ಈ ಜನರಿಗೆ, ಸಣ್ಣ ಹಳಿಯ ಲೆಕ್ಕ ಹಾಕಿದ ಆ ಎಂಜಿನಿಯರನ ಹಟ ಬೇಗ ಅರ್ಥವಾದೀತು. ಆದರೆ ರೈಲನ್ನು ರೈತರು ತಾವೇ ಹಾಕಿಕೊಳ್ಳಲಾರರು.

ಬಾಗಲಕೋಟೆ–ಕುಡಚಿ ನಡುವಿನ 142 ಕಿಲೋಮೀಟರ್ ಮಾರ್ಗ 2010-11ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾಯಿತು. ಬಾಗಲಕೋಟೆ ಕಡೆಯಿಂದ ಖಜ್ಜಿಡೋಣಿಯವರೆಗೆ ಮೊದಲ ತುಂಡು ಮುಗಿಯಿತು. ಮುಂದಿನದು ಜಮೀನು, ಪರಿಹಾರ, ಅನುದಾನ ಎಂದು ಎಳೆಯುತ್ತ ಬಂತು. ನಡುನಡುವೆ ಹೋರಾಟ ಸಮಿತಿಯವರ ಧರಣಿ, ಮನವಿ ಪತ್ರ. ಮಹಾಲಿಂಗಪುರದ ಬೆಲ್ಲ, ಬನಹಟ್ಟಿ-ರಬಕವಿಯ ಸೀರೆ, ಮುಧೋಳದ ಸಕ್ಕರೆ ಇಂದಿಗೂ ಲಾರಿಯನ್ನೇ ನೆಚ್ಚಿವೆ. ಈ ಹಳಿ ಕುಡಚಿ ಮುಟ್ಟಿದರೆ ಮಿರಜ ದೂರವಿಲ್ಲ, ನಡುವೆ ಗೇಜು ಬದಲಿಸುವ ಕಾಟವೂ ಇಲ್ಲ. ಜಮಖಂಡಿಯಲ್ಲಿ ಕೂತವರು ಪಂಢರಪುರದಲ್ಲೇ ಇಳಿಯುವಂತೆ ಒಂದು ಗಾಡಿ ಓಡಿಸಲು ಬರುತ್ತದೆ. ಮಿರಜದಲ್ಲಿ ಇಳಿದು ಸಣ್ಣ ಗಾಡಿ ಹಿಡಿದು ವಿಠ್ಠಲನ ದರ್ಶನಕ್ಕೆ ಹೋಗಿಬಂದ ಹಿರಿಯರು ಊರೂರಲ್ಲಿ ಇನ್ನೂ ಇದ್ದಾರೆ. ಅವರಿಗೆ ಈಗ ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟವಾಗಿದೆ.