ಯುದ್ಧ ಬೇಡವೆಂದ ಉಮೇದುವಾರರು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ರೇಷ್ಮೆಯ ಸೀರೆಗಳಿಗೆ ಹೆಸರಾದ ಊರು. ಆ ತಾಲ್ಲೂಕಿಗೆ ಅದಕ್ಕಿಂತಲೂ ಹಳೆಯದಾದ ಇನ್ನೊಂದು ಹಿರಿಮೆಯಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಬಂಡೆಗಳ ಮೇಲೆ ಇಂದಿಗೂ ಉಳಿದಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಇವುಗಳಲ್ಲಿದೆ. ತಾಯಿತಂದೆಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅದರ ಸಾರ.

ಕಳಿಂಗ ಯುದ್ಧದ ಪ್ರಸ್ತಾಪ ಈ ಬಂಡೆಗಳಲ್ಲಿ ಇಲ್ಲ. ಅದು ಬರುವುದು ಅಶೋಕನ 13ನೆಯ ಶಿಲಾಶಾಸನದಲ್ಲಿ. ನೆರೆಯ ಆಂಧ್ರಪ್ರದೇಶದ ಎರ್ರಗುಡಿಯಲ್ಲಿ ಅದರ ಒಂದು ಪ್ರತಿಯಿದೆ. 1,50,000 ಜನರನ್ನು ಸೆರೆಹಿಡಿದು ಒಯ್ದುದನ್ನೂ, 1,00,000 ಜನರು ಹತರಾದುದನ್ನೂ, ಅದಕ್ಕಾಗಿ ತನಗಾದ ಪಶ್ಚಾತ್ತಾಪವನ್ನೂ ಅರಸನು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಆದರೆ ಅದೇ ಶಾಸನದಲ್ಲಿ ಇನ್ನೊಂದು ಮಾತೂ ಇದೆ. ಪಶ್ಚಾತ್ತಾಪಪಟ್ಟರೂ ತನ್ನ ಶಕ್ತಿಯೇನೂ ಕುಂದಿಲ್ಲವೆಂದು ಕಾಡಿನ ಜನರಿಗೆ ಅವನು ಎಚ್ಚರಿಕೆ ಕೊಡುತ್ತಾನೆ. ಯುದ್ಧ ಕೆಟ್ಟದ್ದೆಂದು ಹೇಳಿದವನನ್ನು ದುರ್ಬಲನೆಂದು ಜನ ತಿಳಿದಾರೆಂಬ ಅಂಜಿಕೆ ಚಕ್ರವರ್ತಿಯನ್ನೂ ಬಿಟ್ಟಿರಲಿಲ್ಲ! ಕಳಿಂಗದಲ್ಲಿಯೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ 13ನೆಯ ಶಾಸನವನ್ನು ಕೆತ್ತಿಸಿಲ್ಲವೆಂಬುದೂ ಗಮನಿಸತಕ್ಕ ಸಂಗತಿ.

ಅಶೋಕನು ಯಾರ ಬಳಿಯೂ ಮತ ಕೇಳಬೇಕಾಗಿರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಮಾತ್ರ ಯುದ್ಧ ಬೇಡವೆನ್ನುವವನು ಜನರ ಮುಂದೆ ಕೈಮುಗಿದು ನಿಲ್ಲಬೇಕು. ಆಗ ಎದುರಾಳಿಗಳು ಅವನ ಮೇಲೆ ಹೊರಿಸುವ ಆರೋಪಗಳು ದೇಶ ಯಾವುದಾದರೂ, ಕಾಲ ಯಾವುದಾದರೂ ಹೆಚ್ಚು ಬದಲಾಗುವುದಿಲ್ಲ. ಇವನು ಹೇಡಿ, ಇವನು ಶತ್ರುವಿನ ಮಿತ್ರ, ಗಡಿಯಲ್ಲಿ ನಿಂತ ಯೋಧನ ಕೈಬಿಟ್ಟವನು. ಇವುಗಳಲ್ಲಿ ಒಂದಾದರೂ ಯುದ್ಧವನ್ನು ಕುರಿತದ್ದಲ್ಲ, ಎಲ್ಲವೂ ಮನುಷ್ಯನನ್ನು ಕುರಿತವು. ಯುದ್ಧ ನ್ಯಾಯವೆ, ಅದರಿಂದ ಆಗುವುದೇನು ಎಂಬ ಪ್ರಶ್ನೆ ಅಲ್ಲಿಗೇ ಹಿಂದೆ ಸರಿದು, ಉಮೇದುವಾರನ ನಿಷ್ಠೆಯೇ ವಿಚಾರಣೆಗೆ ನಿಲ್ಲುತ್ತದೆ. ಇಂತಹ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರು ಹೇಗೆ ಉತ್ತರ ಕೊಟ್ಟರೆಂಬುದನ್ನು ಈ ಪಾಠದಲ್ಲಿ ನೋಡೋಣ.

ಅಬ್ರಹಾಂ ಲಿಂಕನ್ನರ ಪ್ರಸಂಗ ಇವುಗಳಲ್ಲೆಲ್ಲ ಹೆಚ್ಚು ಬೋಧಪ್ರದವಾದುದು. 1846ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಮೆಕ್ಸಿಕೋದ ಮೇಲೆ ಯುದ್ಧ ಹೂಡಿತು. ಮೆಕ್ಸಿಕೋದವರು ನಮ್ಮ ನೆಲದ ಮೇಲೆ ನಮ್ಮವರ ರಕ್ತವನ್ನು ಚೆಲ್ಲಿದರೆಂಬುದು ಅಧ್ಯಕ್ಷ ಪೋಕ್ ಅವರು ಕೊಟ್ಟ ಕಾರಣ. ಮರುವರ್ಷದ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆಗೆ ಹೊಸದಾಗಿ ಬಂದಿದ್ದ ಲಿಂಕನ್ನರು, ರಕ್ತ ಬಿದ್ದ ಆ ಜಾಗ ಯಾವುದು, ಅದು ನಿಜವಾಗಿ ನಮ್ಮ ನೆಲವೆ ಎಂದು ಕೇಳುವ ಗೊತ್ತುವಳಿಗಳನ್ನು ಮಂಡಿಸಿದರು. ಊರಿನಲ್ಲಿ ಅವರ ಹೆಸರು ಕೆಟ್ಟಿತು. ‘ಜಾಗದ ಲಿಂಕನ್’ ಎಂಬ ಅರ್ಥದ ಅಡ್ಡಹೆಸರನ್ನಿಟ್ಟು ವಿರೋಧಿಗಳು ನಕ್ಕರು.

ಆ ಮಾತನ್ನು ಜನ ಮರೆಯಲಿಲ್ಲ. ಮರೆಯಲು ಎದುರಾಳಿಗಳು ಬಿಡಲಿಲ್ಲವೆಂದರೆ ಇನ್ನೂ ಸರಿ. 1858ರಲ್ಲಿ ಲಿಂಕನ್ನರು ಸೆನೆಟ್ ಸ್ಥಾನಕ್ಕಾಗಿ ಸ್ಟೀಫನ್ ಡಗ್ಲಸ್ ಅವರೊಡನೆ ಇಲಿನಾಯ್ ರಾಜ್ಯದ ಊರೂರುಗಳಲ್ಲಿ ವಾದಕ್ಕೆ ನಿಂತರು. ಆಗಸ್ಟ್ 21ರಂದು ನಡೆದ ಮೊದಲ ಸಭೆಯಲ್ಲಿಯೇ ಡಗ್ಲಸ್ ಅವರು, ಯುದ್ಧಕಾಲದಲ್ಲಿ ಈತ ಸ್ವದೇಶವನ್ನು ಬಿಟ್ಟು ಶತ್ರುವಿನ ಪಕ್ಷ ವಹಿಸಿದನೆಂದು ಆಪಾದಿಸಿದರು. ಲಿಂಕನ್ನರು ತಮ್ಮ ಹಳೆಯ ನಿಲುವನ್ನು ಅಲ್ಲಗಳೆಯಲಿಲ್ಲ. ವಯಸ್ಸಿನ ತಪ್ಪೆಂದು ಕ್ಷಮೆಯನ್ನೂ ಬೇಡಲಿಲ್ಲ. ಯುದ್ಧವನ್ನು ಅಧ್ಯಕ್ಷರು ನ್ಯಾಯವಾಗಿ ಆರಂಭಿಸಿದರೆಂಬ ಮಾತಿಗೆ ತಾವು ಎಂದೂ ಮತ ಕೊಡಲಿಲ್ಲ. ಆದರೆ ರಣರಂಗದಲ್ಲಿದ್ದ ಸೈನಿಕರ ಸಂಬಳಕ್ಕೂ ಸವಲತ್ತಿಗೂ ಹಣ ಕೇಳಿದಾಗಲೆಲ್ಲ ಡಗ್ಲಸ್ ಅವರಂತೆಯೇ ತಾವೂ ಮತ ಕೊಟ್ಟೆವೆಂದು ವಿವರಿಸಿದರು. ಯುದ್ಧವನ್ನು ಹೂಡಿದವನು ಬೇರೆ, ಹೂಡಿದ ಯುದ್ಧದಲ್ಲಿ ಹೋರಾಡುವವನು ಬೇರೆ ಎಂಬ ಗೆರೆಯನ್ನು ಅವರು ಹೀಗೆ ಎಳೆದರು.

ಆರೋಪ ಅಷ್ಟಕ್ಕೇ ನಿಲ್ಲಲಿಲ್ಲ. ಸೈನಿಕರಿಗೆ ನೆರವನ್ನೇ ಈತ ನಿರಾಕರಿಸಿದನೆಂದು ಡಗ್ಲಸರ ಕಡೆಯವರು ಸಾರುತ್ತಲೇ ಇದ್ದರು. ಸೆಪ್ಟೆಂಬರ್ 18ರಂದು ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ ಸಭೆ. ವೇದಿಕೆಯ ಮೇಲೆ ಆರ್ಲಾಂಡೋ ಫಿಕ್ಲಿನ್ ಎಂಬವರು ಕುಳಿತಿದ್ದರು. ಡಗ್ಲಸರ ಪಕ್ಷದವರು, ಆದರೆ ಹಿಂದೆ ಲಿಂಕನ್ನರ ಜೊತೆಯಲ್ಲಿಯೇ ಪ್ರತಿನಿಧಿ ಸಭೆಯಲ್ಲಿದ್ದವರು. ಲಿಂಕನ್ನರು ಅವರನ್ನು ಕೈಹಿಡಿದು ಜನರ ಮುಂದಕ್ಕೆ ಎಳೆತಂದು, ತಾವು ಸೈನಿಕರ ಖರ್ಚಿಗೆ ಮತ ನಿರಾಕರಿಸಲಿಲ್ಲವೆಂಬುದು ಇವರಿಗೆ ಗೊತ್ತಿದೆಯೆಂದು ಸಾಕ್ಷಿ ಕರೆದರು. ಫಿಕ್ಲಿನ್ ಅವರು ಸಂಕೋಚದಿಂದ, ಯುದ್ಧವು ಅನಾವಶ್ಯಕವಾಗಿ ಆರಂಭವಾಯಿತೆಂಬ ತಿದ್ದುಪಡಿಗೆ ಲಿಂಕನ್ನರು ಮತ ಕೊಟ್ಟುದು ಮಾತ್ರ ತಮಗೆ ನೆನಪಿದೆಯೆಂದರು. ಅದು ನಿಜವೆಂದು ಲಿಂಕನ್ನರು ಆ ಸಭೆಯಲ್ಲಿಯೂ ಒಪ್ಪಿಕೊಂಡರು. ಸುಳ್ಳನ್ನು ಅಲ್ಲಗಳೆಯುವ ಅವಸರದಲ್ಲಿ ನಿಜವನ್ನೂ ಬಿಟ್ಟುಕೊಡದಿರುವುದು ಸುಲಭವಲ್ಲ. ಆ ಚುನಾವಣೆಯಲ್ಲಿ ಅವರು ಸೋತರು. ಎರಡು ವರ್ಷಗಳ ಬಳಿಕ ಅಧ್ಯಕ್ಷರಾದರು.

ಲಿಂಕನ್ನರ ಮೇಲೆ ಆರೋಪ ಬಂದದ್ದು ಯುದ್ಧ ಮುಗಿದು ಹತ್ತು ವರ್ಷಗಳ ಮೇಲೆ. ಯುದ್ಧ ನಡೆಯುತ್ತಿರುವಾಗಲೇ ನಿಂದೆಗೆ ಗುರಿಯಾದವರ ಪಾಡು ಇನ್ನೂ ಕಠಿಣ. ಬ್ರಿಟನ್ನಿನ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರು 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧವನ್ನು ವಿರೋಧಿಸಿ, ಸಂಸತ್ತಿನಲ್ಲಿ ಕಾರ್ಮಿಕ ಪಕ್ಷದ ಅಧ್ಯಕ್ಷತೆಯನ್ನು ಬಿಟ್ಟರು. ಮರುವರ್ಷ ಒಂದು ಪತ್ರಿಕೆಯು ಅವರ ಜನನಪತ್ರವನ್ನೇ ಅಚ್ಚುಮಾಡಿ, ಅವರ ತಾಯಿಗೆ ಮದುವೆಯಾಗಿರಲಿಲ್ಲವೆಂದು ಲೋಕಕ್ಕೆಲ್ಲ ಸಾರಿತು. ಯುದ್ಧದ ವಾದಕ್ಕೂ ತಾಯಿಯ ಮದುವೆಗೂ ಏನು ಸಂಬಂಧ? ಸ್ವಂತ ಊರಿನ ಗಾಲ್ಫ್ ಕ್ಲಬ್ಬು ಕೂಡ ಅವರನ್ನು ಸದಸ್ಯತ್ವದಿಂದ ತೆಗೆದುಹಾಕಿತು. 1918ರಲ್ಲಿ ಲೆಸ್ಟರಿನ ಮತದಾರರು ಅವರನ್ನು ಭಾರಿ ಅಂತರದಿಂದ ಸೋಲಿಸಿದರು. 1921ರಲ್ಲಿ, ಮದ್ದುಗುಂಡಿನ ಕಾರ್ಖಾನೆಗಳಿದ್ದ ವುಲ್ವಿಚ್ ಕ್ಷೇತ್ರದ ಉಪಚುನಾವಣೆಗೆ ನಿಂತಾಗ ಎದುರಾಳಿಗಳು ವಿಕ್ಟೋರಿಯಾ ಕ್ರಾಸ್ ಪದಕ ಪಡೆದ ಯೋಧನೊಬ್ಬನನ್ನು ಹುಡುಕಿ ನಿಲ್ಲಿಸಿದರು. ಅಲ್ಲಿಯೂ ಸೋಲು. 1922ರಲ್ಲಿ ವೇಲ್ಸಿನ ಅಬೆರಾವನ್ ಕ್ಷೇತ್ರದಿಂದ ಗೆದ್ದ ಅವರು 1924ರ ಜನವರಿಯಲ್ಲಿ ಪ್ರಧಾನಮಂತ್ರಿಯಾದರು. ಅಷ್ಟರಲ್ಲಿ ಯುದ್ಧದಿಂದ ಹಿಂತಿರುಗಿದವರೂ ಹಿಂತಿರುಗದವರ ಮನೆಯವರೂ ಆ ಯುದ್ಧವನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದರು. ಅವರ ಮಾತು ಬದಲಾಗಿರಲಿಲ್ಲ, ಕೇಳುವವರ ಕಿವಿ ಬದಲಾಗಿತ್ತು.

ಅಮೆರಿಕದ ಮೊಂಟಾನಾ ರಾಜ್ಯದ ಜೆನೆಟ್ ರ‍್ಯಾಂಕಿನ್ ಅವರದು ಇನ್ನೊಂದು ಬಗೆ. ಆ ದೇಶದ ಪ್ರತಿನಿಧಿ ಸಭೆಗೆ ಆಯ್ಕೆಯಾದ ಮೊದಲ ಮಹಿಳೆ ಅವರು. 1917ರಲ್ಲಿ ಯುದ್ಧದ ವಿರುದ್ಧ ಮತವಿತ್ತ 50 ಸದಸ್ಯರಲ್ಲಿ ಅವರೂ ಒಬ್ಬರು. ಮರುವರ್ಷ ಸೆನೆಟ್ಟಿಗೆ ನಿಂತು ಸೋತರು. 1940ರಲ್ಲಿ ಮತ್ತೆ ಆಯ್ಕೆಯಾದರು. 1941ರ ಡಿಸೆಂಬರ್ 8ರಂದು, ಪರ್ಲ್ ಹಾರ್ಬರಿನ ದಾಳಿಯ ಮರುದಿನ, 388 ಮತಗಳ ಎದುರು ನಿಂತ ಒಂದೇ ಒಂದು ಮತ ಅವರದಾಗಿತ್ತು. ಸಿಟ್ಟಿಗೆದ್ದ ಜನರಿಂದ ತಪ್ಪಿಸಿಕೊಳ್ಳಲು ಟೆಲಿಫೋನ್ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಳ್ಳಬೇಕಾಯಿತು. ಆರೋಪಗಳಿಗೆ ಅವರು ಚುನಾವಣೆಯ ಮೂಲಕ ಉತ್ತರಿಸಲು ಹೋಗಲೇ ಇಲ್ಲ. ಮುಂದಿನ ಸಲ ನಿಲ್ಲಲಿಲ್ಲ. ಗಾಂಧೀಜಿಯವರ ವಿಚಾರಗಳನ್ನು ಅರಿಯಲು ಅನೇಕ ಬಾರಿ ಭಾರತಕ್ಕೆ ಬಂದರು.

ತಾನು ಹೇಡಿಯಲ್ಲವೆಂದು ತೋರಿಸಲು ಎಲ್ಲ ಸಾಕ್ಷ್ಯವೂ ಇದ್ದು ಅದನ್ನು ಬಳಸಲು ಹಿಂಜರಿದವರೂ ಉಂಟು. 1972ರಲ್ಲಿ ವಿಯೆಟ್ನಾಂ ಯುದ್ಧವನ್ನು ನಿಲ್ಲಿಸುವೆನೆಂದು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತ ಜಾರ್ಜ್ ಮೆಕ್‌ಗವರ್ನ್ ಅವರು ಎರಡನೆಯ ಮಹಾಯುದ್ಧದಲ್ಲಿ ಬಾಂಬು ವಿಮಾನವನ್ನು 35 ಸಲ ಶತ್ರುಪ್ರದೇಶದ ಮೇಲೆ ನಡೆಸಿ ಪದಕ ಪಡೆದವರು. ತಮ್ಮ ಶೌರ್ಯವನ್ನು ತಾವೇ ಹೇಳಿಕೊಳ್ಳುವುದು ಅವರಿಗೆ ರುಚಿಸಲಿಲ್ಲ. ಪ್ರಚಾರದಲ್ಲಿ ಆ ವಿಷಯ ಮುಂದೆ ಬಂದದ್ದೇ ಅಪರೂಪ. 50 ರಾಜ್ಯಗಳಲ್ಲಿ 49ರಲ್ಲಿ ಅವರು ಸೋತರು. ಆ ಸೋಲಿಗೆ ಕಾರಣಗಳು ಹಲವು. ಆದರೂ ಆ ಸಂಕೋಚ ಸೌಜನ್ಯವೆ, ತಪ್ಪು ಲೆಕ್ಕವೆ ಎಂದು ಯೋಚಿಸುವಂತಾಗುತ್ತದೆ.

ಇನ್ನು ನಮ್ಮ ದೇಶಕ್ಕೆ ಬರೋಣ. 1939ರಲ್ಲಿ ಭಾರತೀಯರನ್ನು ಕೇಳದೆಯೇ ಬ್ರಿಟಿಷ್ ಸರ್ಕಾರವು ಭಾರತವನ್ನು ಯುದ್ಧಕ್ಕೆ ಎಳೆದಾಗ, ಧಾರವಾಡ, ಬೆಳಗಾವಿಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಿಯೂ ಮಂಗಳೂರು, ಬಳ್ಳಾರಿಗಳಿದ್ದ ಮದರಾಸು ಪ್ರಾಂತದಲ್ಲಿಯೂ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. 1940ರ ಅಕ್ಟೋಬರ್ 17ರಂದು ವಿನೋಬಾ ಭಾವೆಯವರಿಂದ ವೈಯಕ್ತಿಕ ಸತ್ಯಾಗ್ರಹ ಮೊದಲಾಯಿತು. ಯುದ್ಧಕ್ಕೆ ಜನವನ್ನೂ ಧನವನ್ನೂ ಕೊಡಬೇಡಿರೆಂದು ಹೇಳಿ ಸೆರೆಮನೆಗೆ ಹೋದವರಲ್ಲಿ ಶಾಸನಸಭೆಗಳಿಗೆ ಆಯ್ಕೆಯಾಗಿದ್ದವರು ಬಹುಮಂದಿ. ಇವರು ಹಿಟ್ಲರನಿಗೆ ನೆರವಾಗುತ್ತಿದ್ದಾರೆಂಬುದು ಎದುರಾಳಿಗಳ ದೂರು. ಗಾಂಧೀಜಿಯವರು ಇದಕ್ಕೆ ಭಾಷಣದಿಂದಲ್ಲ, ಸತ್ಯಾಗ್ರಹದ ಕ್ರಮದಿಂದಲೇ ಉತ್ತರ ಕೊಟ್ಟರು. ಜನಸಮೂಹವನ್ನು ಬೀದಿಗಿಳಿಸದೆ ಆರಿಸಿದ ಒಬ್ಬೊಬ್ಬರನ್ನೇ ಕಳುಹಿಸಿದರು. ಅಧಿಕಾರಿಗೆ ಮೊದಲೇ ತಿಳಿಸಿ ಮಾತನಾಡಬೇಕೆಂದರು. ಕ್ರಿಸ್‌ಮಸ್ ದಿನಗಳಲ್ಲಿ ಸತ್ಯಾಗ್ರಹವನ್ನೇ ತಡೆಹಿಡಿದರು. 1945-46ರ ಚುನಾವಣೆಗಳಲ್ಲಿ ಸೆರೆಮನೆ ಕಂಡುಬಂದವರನ್ನು ಮತದಾರರು ಕೈಬಿಡಲಿಲ್ಲ. ಯುದ್ಧಕ್ಕೆ ಬೆಂಬಲವಿತ್ತಿದ್ದ ಕಮ್ಯೂನಿಸ್ಟರೇ ಆ ಚುನಾವಣೆಯಲ್ಲಿ ದೇಶಕ್ಕೆ ದ್ರೋಹ ಮಾಡಿದವರೆಂಬ ನಿಂದೆಯನ್ನು ಹೊರಬೇಕಾಯಿತು.

ಇಪ್ಪತ್ತು ವರ್ಷಗಳಲ್ಲಿ ಅದೇ ನಿಂದೆ, ತದ್ವಿರುದ್ಧ ಕಾರಣಕ್ಕಾಗಿ, ಅವರಲ್ಲಿ ಹಲವರಿಗೆ ತಗುಲಿತು. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನಿಂದ 1957 ಮತ್ತು 1962ರಲ್ಲಿ ಲೋಕಸಭೆಗೆ ಆಯ್ಕೆಯಾದವರು ಎ. ಕೆ. ಗೋಪಾಲನ್. ಬ್ರಿಟಿಷರ ಕಾಲದಲ್ಲಿ ಸೆರೆಮನೆ ಕಂಡವರು. 1941ರಲ್ಲಿ ವೆಲ್ಲೂರಿನ ಸೆರೆಮನೆಯಿಂದ ತಪ್ಪಿಸಿಕೊಂಡವರು. 1962ರ ಚೀನಾ ಆಕ್ರಮಣದ ಬಳಿಕ, ಗಡಿಯ ವಿವಾದವನ್ನು ಮಾತುಕತೆಯಿಂದ ಬಗೆಹರಿಸಬೇಕೆಂದ ಕಮ್ಯೂನಿಸ್ಟರನ್ನು ಚೀನಾದ ಕಡೆಯವರೆಂದು ದೂರಲಾಯಿತು. 1964ರ ಡಿಸೆಂಬರ್ ಕೊನೆಯಲ್ಲಿ ಗೋಪಾಲನ್ ಅವರನ್ನೂ ಅವರ ಪಕ್ಷದ ನೂರಾರು ಜನರನ್ನೂ ಭಾರತ ರಕ್ಷಣಾ ನಿಯಮಗಳ ಕೆಳಗೆ ವಿಚಾರಣೆಯಿಲ್ಲದೆ ಬಂಧಿಸಿದರು. ನಾಡೆಲ್ಲ ನೊಂದಿದ್ದ ಕಾಲವದು. ಜನರ ಕೋಪ ಅಕಾರಣವಾಗಿರಲಿಲ್ಲ. 1965ರ ಮಾರ್ಚಿನಲ್ಲಿ ಕೇರಳದ ವಿಧಾನಸಭೆಗೆ ಚುನಾವಣೆ ನಡೆದಾಗ ಆ ಪಕ್ಷದ ಅನೇಕ ಉಮೇದುವಾರರು ಸೆರೆಮನೆಯಲ್ಲಿಯೇ ಇದ್ದರು. ಊರೂರು ತಿರುಗಿ ಉತ್ತರ ಹೇಳುವ ಅವಕಾಶವೇ ಅವರಿಗಿರಲಿಲ್ಲ. ಆದರೂ 133 ಸ್ಥಾನಗಳಲ್ಲಿ 40ನ್ನು ಪಡೆದು ಅದು ಎಲ್ಲಕ್ಕಿಂತ ದೊಡ್ಡ ಪಕ್ಷವಾಯಿತು. ಯಾರಿಗೂ ಬಹುಮತ ಬಾರದೆ ರಾಷ್ಟ್ರಪತಿ ಆಳ್ವಿಕೆಯೇ ಮುಂದುವರಿಯಿತು. 1967ರಲ್ಲಿ ಗೋಪಾಲನ್ ಅವರು ಕಾಸರಗೋಡಿನಿಂದ ಮೂರನೆಯ ಸಲ ಗೆದ್ದರು. ಅಕ್ಕಿಯ ಅಭಾವ, ಕಾಂಗ್ರೆಸ್ಸಿನ ಒಡಕು ಮೊದಲಾದವೂ ಆ ಮತಗಳಲ್ಲಿ ಸೇರಿದ್ದವು. ಅದನ್ನು ಗಡಿಯ ಪ್ರಶ್ನೆಯ ಮೇಲಿನ ತೀರ್ಪೆಂದಷ್ಟೇ ಓದಲಾಗದು.

ಮೊಳಕಾಲ್ಮುರಿಗೆ ಹೊಂದಿಕೊಂಡಿರುವ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲುಗಳಿವೆ. ಅಮೃತಮಹಲ್ ತಳಿಯ ಎತ್ತುಗಳು ಹೈದರ್ ಮತ್ತು ಟಿಪ್ಪುವಿನ ದಂಡಿನಲ್ಲಿ ತೋಪುಗಳನ್ನೂ ಸಾಮಾನುಗಳನ್ನೂ ಎಳೆದವು. ಆ ಹುಲ್ಲು ಮೊದಲಿನಿಂದಲೂ ಯುದ್ಧಕ್ಕೆ ಮೀಸಲಾದ ಹುಲ್ಲು. ಕಾಲಕ್ರಮದಲ್ಲಿ ಸುತ್ತಲ ಹಳ್ಳಿಗಳ ಕುರಿ ದನಗಳಿಗೂ ಅದೇ ಆಸರೆಯಾಯಿತು. 2008ರಿಂದ ಮುಂದಕ್ಕೆ ಕುದಾಪುರದ ಸುತ್ತಣ ಕಾವಲುಗಳಲ್ಲಿ ಸಾವಿರಾರು ಎಕರೆಗಳನ್ನು ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಕೊಡಲಾಯಿತು. ಚಾಲಕರಹಿತ ವಿಮಾನಗಳನ್ನು ಪರೀಕ್ಷಿಸುವ ನೆಲೆಯು 2017ರ ಮೇ ತಿಂಗಳಿನಲ್ಲಿ ಅಲ್ಲಿ ಉದ್ಘಾಟನೆಯಾಯಿತು. ಹುಲ್ಲುಗಾವಲಿನ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಅದು ಯುದ್ಧದ ಪ್ರಶ್ನೆಯಲ್ಲ, ಮೇವಿನ ಪ್ರಶ್ನೆ. ಆದರೂ ಆ ಹಳ್ಳಿಗಳಿಗೆ ಮತ ಕೇಳಲು ಹೋಗುವ ಉಮೇದುವಾರನು ಮೇವಿನ ಮಾತನ್ನು ಎತ್ತಬೇಕಾದರೆ, ನಾಡಿನ ರಕ್ಷಣೆಗೆ ತಾನು ವಿರೋಧಿಯಲ್ಲವೆಂಬ ಮಾತನ್ನು ಮೊದಲು ಹೇಳಿಕೊಳ್ಳಬೇಕಾದೀತು. ಚಾರ್ಲ್ಸ್‌ಟನ್ನಿನ ವೇದಿಕೆಯ ಮೇಲೆ ಲಿಂಕನ್ನರು ಎಳೆದ ಗೆರೆಯನ್ನು ಅವನು ಕಾವಲಿನ ಬೇಲಿಯ ಬಳಿ ನಿಂತು ಎಳೆಯಬೇಕು. ಪರೀಕ್ಷೆಯ ದಿನಗಳಲ್ಲಿ ವಿಮಾನಗಳು ಆ ಬೇಲಿಯ ಮೇಲೆ ಹಾರಿಹೋಗುತ್ತವೆ. ಬೇಲಿಯ ಈಚೆಗೆ ಕುರಿಗಳು ಮೇಯುತ್ತಿರುತ್ತವೆ.