ಆಟದ ಆಯುಸ್ಸು ಮತ್ತು ಚಂದಾದಾರರ ಲೆಕ್ಕ

ಲೋಧಿ ಕಾಲೋನಿಯ ನಮ್ಮ ಸರಕಾರಿ ಕ್ವಾರ್ಟರ್ಸಿನಲ್ಲಿ ಶನಿವಾರ ರಾತ್ರಿ ಒಂಬತ್ತಾಯಿತೆಂದರೆ ಒಂದು ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗಿನಿಂದ, "ನೀ ಮುಂದ್ ಹೋಗ್ ಮಾರಾಯಾ, ನಾ ಹಿಂದ್ ಬತ್ತೆ!" ಎಂದು ಅಪ್ಪಟ ಕುಂದಾಪುರದ ಕನ್ನಡ ಕೇಳಿಬರುತ್ತದೆ. ಮನೆಗೆ ಬಂದ ನೆಂಟರು ಜಗಳವೆದ್ದಿತೆಂದು ಗಾಬರಿಗೊಂಡದ್ದೂ ಉಂಟು. ಅದು ಜಗಳವಲ್ಲ, ಆಟ. ನಮ್ಮ ಅಕ್ಕನ ಮಗ ಓದಿಗೆಂದು ದೆಹಲಿಗೆ ಬಂದು ನಮ್ಮಲ್ಲಿದ್ದಾನೆ. ಅವನ ಶಾಲೆಯ ಗೆಳೆಯರಲ್ಲಿ ಒಬ್ಬ ಊರಿನಲ್ಲಿ, ಒಬ್ಬ ಪುಣೆಯಲ್ಲಿ, ಇನ್ನೊಬ್ಬ ದುಬೈಯಲ್ಲಿ. ನಾಲ್ವರೂ ವಾರಕ್ಕೊಮ್ಮೆ ಕಂಪ್ಯೂಟರಿನೊಳಗಿನ ಒಂದು ಕಲ್ಪನೆಯ ರಾಜ್ಯದಲ್ಲಿ ಕೂಡುತ್ತಾರೆ. ಒಬ್ಬನದು ಯೋಧನ ವೇಷ, ಒಬ್ಬನದು ಮಾಂತ್ರಿಕನದು, ಒಬ್ಬನದು ಬೇಟೆಗಾರನದು. ನಮ್ಮ ಹುಡುಗ ಗಾಯಗೊಂಡವರಿಗೆ ಮದ್ದು ಮಾಡುವ ವೈದ್ಯ.

ಇಂಥ ಆನ್‌ಲೈನ್ ವೇಷದ ಆಟಗಳಿಗೂ ಪತ್ರಿಕೆಗಳಿಗಿರುವಂತೆ ಚಂದಾ ಉಂಟು. ಅದೂ ವರ್ಷಕ್ಕೊಮ್ಮೆಯಲ್ಲ, ತಿಂಗಳು ತಿಂಗಳೂ. ಚಂದಾ ನಿಂತಿತೋ, ವೇಷ ಪೆಟ್ಟಿಗೆ ಸೇರಿತು. ಹೆಸರಾದ ಆಟವೊಂದಕ್ಕೆ ಅಮೆರಿಕದ ದರ ತಿಂಗಳಿಗೆ ೧೫ ಡಾಲರಿನಷ್ಟು. ಗುಮಾಸ್ತರ ಮನೆಯಲ್ಲಿ ಇದು ಕಣ್ಣಿಗೆ ಬೀಳದ ಮೊತ್ತವೇನೂ ಅಲ್ಲ.

ಕಳೆದ ತಿಂಗಳು ಭಾವನವರು ಊರಿನಿಂದ ಫೋನು ಮಾಡಿದರು. "ಆ ಆಟದ ಚಂದಾದಾರರು ಅರ್ಧಕ್ಕೆ ಇಳಿದಿದ್ದಾರಂತೆ. ಆರುವ ದೀಪಕ್ಕೆ ಎಣ್ಣೆ ಹೊಯ್ಯುವುದು ಯಾಕೆ? ಕಚೇರಿಯಲ್ಲಿ ಅಂಕಿಸಂಖ್ಯೆ ನೋಡುವವನು ನೀನು, ನೀನೇ ತೀರ್ಪು ಹೇಳು" ಎಂದರು. ಹುಡುಗನನ್ನು ಕೇಳಿದರೆ ಅವನದು ಒಂದೇ ಮಾತು: "ಮಾವ, ನಾವು ನಾಲ್ಕು ಜನ ಇದ್ದೇವಲ್ಲ, ಸಾಲದೇ?"

ಸತ್ಯ ಹೇಳಬೇಕೆಂದರೆ, ಭಾವನವರ ಪಕ್ಷ ಹಿಡಿಯುವುದೆಂದು ಮೊದಲೇ ನಿಶ್ಚಯಿಸಿಕೊಂಡು ನಾವು ಲೆಕ್ಕ ನೋಡಲು ಕುಳಿತೆವು.

೧೯೯೭ರಲ್ಲಿ ಅಮೆರಿಕದಲ್ಲಿ 'ಅಲ್ಟಿಮಾ ಆನ್‌ಲೈನ್' ಎಂಬ ಆಟ ಹೊರಬಂದು ಒಂದು ಲಕ್ಷ ಚಂದಾದಾರರನ್ನು ದಾಟಿದಾಗ ಅದೇ ಒಂದು ಮಹಾ ವಿಕ್ರಮವೆನಿಸಿತ್ತು. ೧೯೯೯ರ 'ಎವರ್‌ಕ್ವೆಸ್ಟ್' ನಾಲ್ಕು ಲಕ್ಷವನ್ನೂ ಮೀರಿತು. ೨೦೦೪ರ ನವೆಂಬರಿನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಬಂದಿತು. ೨೦೧೦ರ ಅಕ್ಟೋಬರಿಗೆ ಅದರ ಚಂದಾದಾರರು ೧ ಕೋಟಿ ೨೦ ಲಕ್ಷ! ಅಂದಿನಿಂದ, ಮೂರು ನಾಲ್ಕು ಲಕ್ಷ ಜನರಿದ್ದ ಆಟವೂ ಸೋತ ಆಟವೆನಿಸಿತು. ಐರಾವತದ ಮಗ್ಗುಲಲ್ಲಿ ನಿಂತರೆ ದೇವಸ್ಥಾನದ ಆನೆಯೂ ಕರುವಿನಂತೆ ಕಾಣುವುದು ಸಹಜವೇ.

ಆದರೆ ಆ ಐರಾವತವೂ ಇಳಿಯಿತು. ೨೦೧೫ರ ಸೆಪ್ಟೆಂಬರ್ ಕೊನೆಗೆ ಚಂದಾದಾರರು ೫೫ ಲಕ್ಷ. ಅದರ ಒಡೆಯರಾದ ಬ್ಲಿಜರ್ಡ್ ಕಂಪೆನಿಯವರು, ಇನ್ನು ಮುಂದೆ ಈ ಸಂಖ್ಯೆಯನ್ನು ಪ್ರಕಟಿಸುವುದಿಲ್ಲವೆಂದು ಆ ನವೆಂಬರಿನಲ್ಲಿ ಸಾರಿಬಿಟ್ಟರು. ದೀಪ ಆರಿತೆಂದು ತಿಳಿಯುವಿರಾ? ಇಲ್ಲ, ಆ ಆಟ ಇಂದಿಗೂ ನಡೆದಿದೆ. 'ಅಲ್ಟಿಮಾ', 'ಎವರ್‌ಕ್ವೆಸ್ಟ್'ಗಳು ಕೂಡ ಕಾಲು ಶತಮಾನ ಕಳೆದರೂ ನಡೆದಿವೆ. ನಮ್ಮ ನಿಶ್ಚಯ ಸಡಿಲವಾದದ್ದು ಇಲ್ಲಿಯೇ.

ಪಟ್ಟಿ ಕಂಡೊಡನೆ, ಯಾರನ್ನು ಸೇರಿಸಿದ್ದಾರೆ ಎಂದು ಕೇಳುವುದು ಗುಮಾಸ್ತರ ಅಭ್ಯಾಸ. ವಾರ್‌ಕ್ರಾಫ್ಟಿನ ಆ ಕೋಟಿಯಲ್ಲಿ ತಿಂಗಳ ಚಂದಾ ಕೊಟ್ಟವರಲ್ಲದೆ, ಆಟ ಕೊಂಡು ಮೊದಲ ಉಚಿತ ತಿಂಗಳಲ್ಲಿದ್ದವರೂ, ಚೀನಾದಂಥ ಕಡೆ ಆಟದ ಅಂಗಡಿಗಳಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಆಡಿದವರೂ ಸೇರಿದ್ದರು. ಐಸ್‌ಲೆಂಡಿನ 'ಈವ್ ಆನ್‌ಲೈನ್' ಆಟದ್ದು ಇನ್ನೊಂದು ಸ್ವಾರಸ್ಯ. ೨೦೧೩ರಲ್ಲಿ ಅದರ ಚಂದಾದಾರರು ಐದು ಲಕ್ಷ. ಆ ದೇಶದ ಜನಸಂಖ್ಯೆಯೇ ಅಷ್ಟಿಲ್ಲ. ಆದರೆ ಆ ಆಟದಲ್ಲಿ ಒಬ್ಬನೇ ಎರಡು ಮೂರು ಚಂದಾ ಇಟ್ಟುಕೊಳ್ಳುವುದು ಸಾಮಾನ್ಯ. ಒಂದು ಮನೆಗೆ ಮೂರು ರೇಷನ್ ಕಾರ್ಡು ಇದ್ದರೆ ಹೊಟ್ಟೆ ಮೂರಾಗುವುದಿಲ್ಲವಷ್ಟೆ!

ಯಾವ ದಿನ ಎಣಿಸಿದರು ಎಂಬುದೂ ಮುಖ್ಯವೇ. ೨೦೧೪ರ ನವೆಂಬರಿನಲ್ಲಿ ವಾರ್‌ಕ್ರಾಫ್ಟಿಗೆ ಹೊಸ ಅಧ್ಯಾಯ ಬಂದಾಗ ಚಂದಾದಾರರು ಒಂದು ಕೋಟಿಗೇರಿದರು. ಮರುವರ್ಷದ ಮಾರ್ಚಿಗೆ ೭೧ ಲಕ್ಷಕ್ಕಿಳಿದರು. ತೇರಿನ ದಿನ ತಲೆ ಎಣಿಸಿ, ಅದೇ ಊರಿನ ಜನಸಂಖ್ಯೆಯೆಂದು ಬರೆದರೆ ಒಪ್ಪುವವರಾರು?

ಇನ್ನು ಖರ್ಚಿನ ಮಾತು. ೨೦೧೧ರ ಡಿಸೆಂಬರಿನಲ್ಲಿ ಬಂದ 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್' ಆಟಕ್ಕೆ ಐದು ಲಕ್ಷ ಚಂದಾದಾರರಿದ್ದರೂ ಲಾಭವೇ ಎಂದು ಒಡೆಯರೇ ಮೊದಲು ಹೇಳಿದ್ದರು. ಬಂದದ್ದು ೧೭ ಲಕ್ಷ. ಕೆಲವೇ ತಿಂಗಳಲ್ಲಿ ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತಾದರೂ ಐದು ಲಕ್ಷಕ್ಕೆ ಎಷ್ಟೋ ಮೇಲೆಯೇ ಇತ್ತು. ಆದರೂ ಲೋಕ ಅದನ್ನು ಸೋತಿತೆಂದಿತು. ೨೦೧೨ರ ನವೆಂಬರಿನಲ್ಲಿ ಚಂದಾ ಇಲ್ಲದೆಯೂ ಆಡಲು ಬಾಗಿಲು ತೆರೆದರು. ಬೇಕಾದವರು ಹಣ ಕೊಟ್ಟರು, ಬೇಡವಾದವರು ಹಾಗೆಯೇ ಆಡಿದರು. ಅದೂ ಇಂದಿಗೂ ನಡೆದಿದೆ.

ಇದನ್ನು ಓದುವಾಗ ನಮಗೆ ನೆನಪಾದದ್ದು ನಮ್ಮ ಕಡೆಯ ಯಕ್ಷಗಾನ. ಅದೂ ವೇಷದ ಆಟವೇ ತಾನೆ? ಡೇರೆ ಕಟ್ಟಿ ಟಿಕೆಟ್ಟು ಮಾರುವ ಮೇಳಗಳಲ್ಲಿ ಗಳಿಕೆಯೇ ಗೆಲುವಿನ ಅಳತೆ. ಅವುಗಳಲ್ಲಿ ಹಲವು ಕಾಲಕ್ರಮದಲ್ಲಿ ಡೇರೆ ಮಡಚಿದವು. ಮಂದಾರ್ತಿಯ ಹರಕೆ ಆಟಕ್ಕಾದರೋ ಟಿಕೆಟ್ಟೇ ಇಲ್ಲ. ಸೇವೆಯ ಖರ್ಚು ಹೊರುವವನೊಬ್ಬ, ನೋಡುವವರು ಊರಿಗೆ ಊರೇ. ಆ ಸೇವೆಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಟಿಕೆಟ್ಟಿನ ಲೆಕ್ಕದಲ್ಲಿ ಅದರ ಗಳಿಕೆ ಸೊನ್ನೆ. ಬಾಳಿಕೆ ಮಾತ್ರ ನಮ್ಮ ನಿಮ್ಮ ಆಯುಸ್ಸಿಗಿಂತ ದೊಡ್ಡದು.

ಹಾಗೆಂದು ಸಂಖ್ಯೆ ವ್ಯರ್ಥವೆಂದು ನಾವು ಹೇಳುವುದಿಲ್ಲ. ಕೊಡುವವರೇ ಇಲ್ಲದಿದ್ದರೆ ಯಾವ ಚೌಕಿಯಲ್ಲಿಯೂ ದೀಪ ಉರಿಯದು. 'ಸಿಟಿ ಆಫ್ ಹೀರೋಸ್' ಎಂಬ ಆಟವನ್ನು ೨೦೧೨ರ ನವೆಂಬರ್ ೩೦ರಂದು ಒಡೆಯರು ಮುಚ್ಚಿಯೇಬಿಟ್ಟರು. ಜನ ಅಂಗಲಾಚಿದರೂ ಫಲವಾಗಲಿಲ್ಲ. ಆದರೆ ಅಭಿಮಾನಿಗಳು ಅದನ್ನು ಮರೆಯಲಿಲ್ಲ. ತಾವೇ ದುಡಿದು ಮತ್ತೆ ನಡೆಸತೊಡಗಿದರು. ೨೦೨೪ರ ಜನವರಿಯಲ್ಲಿ ಅದೇ ಕಂಪೆನಿ ಅವರ ತಂಡಕ್ಕೆ ಪರವಾನಗಿ ಕೊಟ್ಟಿತು. ಈಗ ಕಾಣಿಕೆಯ ಹಣದಲ್ಲಿ ನಡೆಯುತ್ತಿದೆ. ಮುಚ್ಚಿದ ದಿನದ ಯಾವ ಪಟ್ಟಿಯಲ್ಲಿ ಈ ಹನ್ನೊಂದು ವರ್ಷದ ಹಂಬಲ ಕಾಣಿಸುತ್ತಿತ್ತು? ಈ ತಿಂಗಳು ಕೊಟ್ಟವರೆಷ್ಟು ಎಂಬುದನ್ನು ಪಟ್ಟಿ ಹೇಳುತ್ತದೆ. ಹೋದರೆ ಅಳುವವರೆಷ್ಟು ಎಂಬುದನ್ನು ಹೇಳುವುದಿಲ್ಲ.

ಇಷ್ಟನ್ನೂ ಭಾವನವರಿಗೆ ಒಪ್ಪಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಚಿಂತೆ ಅವರ ಚಂದಾದಾರರದ್ದಲ್ಲ, ಇವನ ನಿದ್ದೆಯದು" ಎಂದರು. ಅದು ನ್ಯಾಯವಾದ ಚಿಂತೆ. ಅದಕ್ಕೆ ಬೇರೆಯೇ ತೀರ್ಪು ಬೇಕಾಗಿತ್ತು. ಶನಿವಾರ ಮಾತ್ರ, ಹನ್ನೆರಡರೊಳಗೆ ಮುಗಿಸತಕ್ಕದ್ದು, ಪರೀಕ್ಷೆಯ ತಿಂಗಳು ಚಂದಾ ಬಂದ್ ಎಂದು ಗೊತ್ತುಮಾಡಿದೆವು. ಹುಡುಗ ಒಪ್ಪಿದ.

ಮರುಶನಿವಾರ ಅಕ್ಕ ಫೋನು ಮಾಡಿದಾಗ ಒಳಗೆ ಆಟ ಭರದಲ್ಲಿ ಸಾಗಿತ್ತು. "ಅವನನ್ನು ಕರೆಯಬೇಡ, ಫೋನು ಬಾಗಿಲ ಹತ್ತಿರ ಹಿಡಿ, ಸಾಕು" ಎಂದಳು. ಹಿಡಿದೆವು. ನಾಲ್ಕು ಊರುಗಳಲ್ಲಿ ಚದುರಿದ ಹುಡುಗರ ನಡುವೆ ತನ್ನ ಮಗನ ಊರಮಾತನ್ನು ಅವಳು ಐದು ನಿಮಿಷ ಕೇಳಿಸಿಕೊಂಡಳು. ಆ ಮನೆಮಾತು ದೆಹಲಿಗೆ ಬಂದ ಮೇಲೆ ಅವನ ಬಾಯಲ್ಲಿ ಉಳಿದಿರುವುದು ಹೆಚ್ಚಾಗಿ ಆ ಮೂರು ತಾಸಿನಲ್ಲಿಯೇ.

ನಮ್ಮ ಈ ಪತ್ರಿಕೆಯ ಚಂದಾದಾರರೂ ಕೋಟಿಯಲ್ಲಿಲ್ಲ, ಲಕ್ಷದಲ್ಲಿಯೂ ಇಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಇದು ಬಾಗಿಲಿಗೆ ಬಂದು ಬಿದ್ದಾಗ ಮನೆಯಲ್ಲಿ ಮೊದಲು ಓದುವವರಾರೆಂಬ ತಕರಾರು ನಡೆಯುವುದುಂಟು. ಆ ತಕರಾರು ಯಾವ ಪಟ್ಟಿಗೂ ಸೇರದು. ಆದರೆ ಚಂದಾ ಕಳಿಸಲು ಮರೆತವರು ದಯವಿಟ್ಟು ಕಳಿಸಿಬಿಡಿ. ಪಟ್ಟಿಗೂ ಅದರದೇ ಆದ ಹಸಿವುಂಟು.